ಕಂಪ್ಯೂಟರಿನ ಒಳಗಿನ ಕಂಪ್ಯೂಟರಿಗೆ ನೆಟ್ ಎಲ್ಲಿಂದ?

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಅಕ್ಕನ ಮಗ ಫೋನ್ ಮಾಡಿದ. "ಮಾವ, ನೆಟ್ಟು ಬತ್ತಿಲ್ಲೆ." ನಮ್ಮ ಕಡೆ ಮಳೆ ಬಂದರೆ ಕರೆಂಟು ಹೋಗುತ್ತದೆ, ಕರೆಂಟು ಹೋದರೆ ನೆಟ್ಟೂ ಹೋಗುತ್ತದೆ, ಇದರಲ್ಲಿ ಹೊಸತೇನು ಅಂತ ಕೇಳಿದೆ. ಅವನ ತಕರಾರು ಬೇರೆ ಇತ್ತು. ಲ್ಯಾಪ್‌ಟಾಪಿನಲ್ಲಿ ನೆಟ್ ಇದೆ, ಯೂಟ್ಯೂಬ್ ಓಡುತ್ತದೆ. ಅದೇ ಲ್ಯಾಪ್‌ಟಾಪಿನ ಒಳಗೆ ನಾನು ಹಾಕಿಕೊಟ್ಟಿದ್ದ ಲಿನಕ್ಸಿನಲ್ಲಿ ಮಾತ್ರ ಇಲ್ಲ. ಲಿನಕ್ಸ್ ಅಂದರೆ ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್.

ಅವನು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ಕ್ಲಾಸು. ಕೇರಳದ ಶಾಲೆಗಳ ಲ್ಯಾಬಿನಲ್ಲಿ ಮಕ್ಕಳು ಕಲಿಯುವುದು ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆ ಉಬುಂಟು ಅನ್ನುವ ಲಿನಕ್ಸನ್ನು ಆಧಾರವಾಗಿಟ್ಟು ತಯಾರಿಸಿದ ತನ್ನದೇ ಲಿನಕ್ಸಿನಲ್ಲಿ. ಲಿಬ್ರೆ ಆಫೀಸ್, ಜಿಂಪ್, ಇಂಕ್‌ಸ್ಕೇಪ್, ಜಿಯೋಜಿಬ್ರಾ ಎಲ್ಲ ಅದರಲ್ಲೇ. ಮನೆಯ ಲ್ಯಾಪ್‌ಟಾಪಿನಲ್ಲಿ ಇರುವುದು ವಿಂಡೋಸ್. ಅದನ್ನು ಅಳಿಸಿದರೆ ಅಕ್ಕ ಸುಮ್ಮನೆ ಬಿಡುವುದಿಲ್ಲ, ಅವಳ ಲೆಕ್ಕಪತ್ರವೆಲ್ಲ ಅಲ್ಲಿದೆ. ಹಾಗಾಗಿ ವಿಂಡೋಸಿನ ಒಳಗೇ ಒಂದು ಲಿನಕ್ಸ್ ಕೂರಿಸಿದೆ. ಇದನ್ನು ಈಗ ಬೇಕಾದಷ್ಟು ಮನೆಗಳಲ್ಲಿ ಮಾಡುತ್ತಾರೆ, ಮತ್ತೆ ಇದೇ ಜಾಗದಲ್ಲಿ ಸಿಕ್ಕಿಬೀಳುತ್ತಾರೆ: ಹೊರಗೆ ನೆಟ್ ಇದೆ, ಒಳಗೆ ಇಲ್ಲ. ಯಾಕೆ ಹೀಗೆ?

ಮನೆಯವ ಮತ್ತು ನೆಂಟ

ಒಳಗೆ ಕೂರಿಸಿದ ಆ ಕಂಪ್ಯೂಟರಿಗೆ ವರ್ಚುವಲ್ ಮೆಶೀನ್ ಅಂತ ಹೆಸರು. ಒಂದು ಸಾಫ್ಟ್‌ವೇರು ನಿಜವಾದ ಕಂಪ್ಯೂಟರಿನ ಸ್ವಲ್ಪ ಮೆಮೊರಿ, ಸ್ವಲ್ಪ ಡಿಸ್ಕು, ಸ್ವಲ್ಪ ಪ್ರೊಸೆಸರು ತೆಗೆದಿಟ್ಟು, ಅದರಲ್ಲಿ ಇನ್ನೊಂದು ಕಂಪ್ಯೂಟರಿನ ವೇಷ ಕಟ್ಟುತ್ತದೆ. ಎಂಟು ಜಿಬಿ ಮೆಮೊರಿ ಇದ್ದರೆ ಮೂರು ಜಿಬಿ ಅದಕ್ಕೆ. ಅದರ ಹಾರ್ಡ್‌ಡಿಸ್ಕ್ ಅಂತ ನಾವು ಹೇಳುವುದು ನಿಜಕ್ಕೂ ವಿಂಡೋಸಿನ ಒಂದು ಫೋಲ್ಡರಿನಲ್ಲಿ ಬಿದ್ದಿರುವ ದೊಡ್ಡ ಫೈಲು, ಅಷ್ಟೆ. ಯಕ್ಷಗಾನದ ಆಟದಲ್ಲಿ ಕಿರೀಟ ಕಟ್ಟಿದವನಿಗೆ ತಾನು ವೇಷದಲ್ಲಿದ್ದೇನೆ ಅಂತಾದರೂ ಗೊತ್ತಿರುತ್ತದೆ. ಈ ಒಳಗಿನ ಲಿನಕ್ಸು ಹಾಗಲ್ಲ, ತನ್ನದೇ ಸ್ವಂತ ಯಂತ್ರ ಅಂದುಕೊಂಡೇ ಕೆಲಸ ಮಾಡುತ್ತದೆ.

ಹೊರಗಿನದ್ದಕ್ಕೆ ಹೋಸ್ಟ್, ಒಳಗಿನದ್ದಕ್ಕೆ ಗೆಸ್ಟ್ ಅನ್ನುತ್ತಾರೆ. ನಾನು ಮನೆಯವ, ನೆಂಟ ಅಂತ ಕರೆಯುತ್ತೇನೆ.

ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಐಬಿಎಂ ತನ್ನ ದೊಡ್ಡ ಕಂಪ್ಯೂಟರುಗಳಲ್ಲಿ 1960ರ ದಶಕದಲ್ಲೇ ಇದನ್ನು ಮಾಡಿತ್ತು. ಪಿಸಿಗಳಲ್ಲಿ ಚಾಲ್ತಿಗೆ ತಂದದ್ದು 1999ರ ವಿಎಂವೇರ್ ವರ್ಕ್‌ಸ್ಟೇಷನ್. ನಾನು ಹಾಕಿದ್ದು ವರ್ಚುವಲ್‌ಬಾಕ್ಸ್. ಅದು 2007ರಲ್ಲಿ ಬಂತು, 2010ರಿಂದ ಒರಾಕಲ್ ಕೈಯಲ್ಲಿದೆ, ದುಡ್ಡು ಕೊಡಬೇಕಾಗಿಲ್ಲ. ಮುಂದೆ ಹೇಳುವ ಅಂಕಿಗಳೆಲ್ಲ ವರ್ಚುವಲ್‌ಬಾಕ್ಸಿನವು. ವಿಎಂವೇರಿನಲ್ಲೂ ಹೆಸರುಗಳು ಹೆಚ್ಚುಕಮ್ಮಿ ಇವೇ.

ನೆಂಟನಲ್ಲಿ ವೈಫೈ ಚಿಹ್ನೆ ಯಾಕಿಲ್ಲ?

ಇದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಲ್ಯಾಪ್‌ಟಾಪು ವೈಫೈಯಲ್ಲಿದೆ, ಒಳಗಿನ ಲಿನಕ್ಸಿನಲ್ಲಿ ವೈಫೈ ಪಟ್ಟಿಯೇ ಕಾಣುವುದಿಲ್ಲ. ಡ್ರೈವರ್ ಇಲ್ಲ ಅಂದುಕೊಂಡು ಅರ್ಧ ದಿನ ಡ್ರೈವರ್ ಹುಡುಕುವವರಿದ್ದಾರೆ. ನಾನೂ ಒಂದು ಕಾಲದಲ್ಲಿ ಹುಡುಕಿದ್ದೇನೆ.

ಅಲ್ಲಿ ಕಾಣದೇ ಇರುವುದೇ ಸರಿ. ವರ್ಚುವಲ್‌ಬಾಕ್ಸು ನೆಂಟನಿಗೆ ನಿಮ್ಮ ವೈಫೈ ಕಾರ್ಡನ್ನು ಕೊಡುವುದೇ ಇಲ್ಲ. ಇಂಟೆಲ್ ಕಂಪನಿಯ ಒಂದು ಹಳೆಯ ಮಾದರಿಯ ನೆಟ್‌ವರ್ಕ್ ಕಾರ್ಡಿನ ನಕಲು ಮಾಡಿ ಕೊಡುತ್ತದೆ, ಕೇಬಲ್ ಚುಚ್ಚುವ ಜಾತಿಯದ್ದು. ಹೆಚ್ಚಿನ ಆಪರೇಟಿಂಗ್ ಸಿಸ್ಟಮುಗಳಿಗೂ ಆ ಕಾರ್ಡಿನ ಪರಿಚಯ ಇರುವುದರಿಂದ ಬೇರೆ ಡ್ರೈವರು ಹಾಕುವ ತಲೆಬಿಸಿ ಇಲ್ಲ. ಹಾಗಾಗಿ ಮನೆಯವ ವೈಫೈಯಲ್ಲಿರಲಿ, ಫೋನಿನ ಹಾಟ್‌ಸ್ಪಾಟಿನಲ್ಲಿರಲಿ, ನೆಂಟನ ಕಣ್ಣಿಗೆ ಮಾತ್ರ ಯಾವಾಗಲೂ ಕೇಬಲ್ಲೇ. ಅವನ ಪರದೆಯಲ್ಲಿ 'ವೈರ್ಡ್' ಅಂತ ಕಂಡರೆ ಗಾಬರಿ ಬೇಡ.

ಈಗ ಇರುವ ಪ್ರಶ್ನೆ ಇಷ್ಟೇ: ಇಲ್ಲದ ಆ ಕೇಬಲಿನ ಇನ್ನೊಂದು ತುದಿಯನ್ನು ಎಲ್ಲಿಗೆ ಚುಚ್ಚುವುದು?

ಸ್ವಲ್ಪ ವಿಳಾಸದ ಲೆಕ್ಕ

ನೆಟ್ಟಿಗೆ ಹೋಗುವ ಪ್ರತಿ ಯಂತ್ರಕ್ಕೂ ಒಂದು ನಂಬರು ಬೇಕು, ಅದೇ ಐಪಿ ವಿಳಾಸ. ಚುಕ್ಕೆ ಇಟ್ಟು ಬರೆಯುವ ನಾಲ್ಕು ಅಂಕಿಗಳು, 192.168.1.5 ಅಂದ ಹಾಗೆ. ಈ ಬಗೆಯ ನಂಬರುಗಳು ಜಗತ್ತಿನಲ್ಲಿ ಒಟ್ಟು ಸುಮಾರು 430 ಕೋಟಿ ಮಾತ್ರ ಸಾಧ್ಯ. ಒಬ್ಬೊಬ್ಬರ ಮನೆಯಲ್ಲೇ ನಾಲ್ಕು ಫೋನು, ಒಂದು ಟಿವಿ, ಎರಡು ಲ್ಯಾಪ್‌ಟಾಪು ಇರುವ ಕಾಲದಲ್ಲಿ ಅದು ಎಲ್ಲಿಗೂ ಸಾಲದು.

ಅದಕ್ಕೆ ಉಪಾಯ ಅಂತ ಕೆಲವು ನಂಬರುಗಳನ್ನು 1990ರ ದಶಕದಲ್ಲಿ 'ಮನೆಯೊಳಗಿನ ಬಳಕೆಗೆ' ಅಂತ ಎತ್ತಿಟ್ಟರು. 10ರಿಂದ ಶುರುವಾಗುವವು, 192.168ರಿಂದ ಶುರುವಾಗುವವು, 172.16ರಿಂದ 172.31ರ ತನಕದವು. ಇವನ್ನು ಯಾರು ಬೇಕಾದರೂ ತಮ್ಮ ಕಾಂಪೌಂಡಿನ ಒಳಗೆ ಬಳಸಬಹುದು, ಹೊರಗಿನ ರಸ್ತೆಯಲ್ಲಿ ಇವು ನಡೆಯುವುದಿಲ್ಲ. ನಿಮ್ಮ ಲ್ಯಾಪ್‌ಟಾಪಿನ ನಂಬರೂ ಹೆಚ್ಚಾಗಿ ಇಂಥದ್ದೇ. ಅದನ್ನು ಹಂಚುವವನು ನಿಮ್ಮ ರೂಟರು, ಅಂದರೆ ನಾವು ಮೋಡೆಮ್ಮು ಅಂತ ಕರೆಯುವ ಆ ಬಿಳಿ ಡಬ್ಬಿ. ಯಂತ್ರ ಬಂದು ಕೇಳಿದಾಗ ನಂಬರು ಕೊಡುವ ಈ ಪದ್ಧತಿಗೆ ಡಿಎಚ್‌ಸಿಪಿ ಅನ್ನುತ್ತಾರೆ.

ಹಾಗಾದರೆ ಹೊರಗೆ ನಡೆಯದ ನಂಬರು ಇಟ್ಟುಕೊಂಡು ಹೊರಗಿನವರ ಹತ್ತಿರ ಮಾತಾಡುವುದು ಹೇಗೆ?

ನ್ಯಾಟ್: ಹಳೆಯ ಪಿ.ಪಿ. ನಂಬರು

ನಲುವತ್ತು ದಾಟಿದವರಿಗೆ ಇದು ಚೆನ್ನಾಗಿ ಗೊತ್ತು. ನಮ್ಮ ಊರುಗಳಲ್ಲಿ ಎಲ್ಲರ ಮನೆಗೂ ಫೋನು ಬರುವ ಮೊದಲು, ಮದುವೆ ಕಾಗದದಲ್ಲಿ ಫೋನ್ ನಂಬರಿನ ಪಕ್ಕ ಪಿ.ಪಿ. ಅಂತ ಹಾಕುತ್ತಿದ್ದರು. ಅಂದರೆ ಆ ಫೋನು ನಮ್ಮದಲ್ಲ, ಪಕ್ಕದ ಮನೆಯವರದ್ದೋ ಬಸ್‌ಸ್ಟಾಪಿನ ಅಂಗಡಿಯದ್ದೋ. ಮಾಡಿ, ಅವರು ಕರೆಯುತ್ತಾರೆ.

ಈಗ ನಿಮಗೆ ಮಂಗಳೂರಿನ ಮಂಡಿಯಲ್ಲಿ ಅಡಿಕೆಗೆ ಇವತ್ತು ಎಷ್ಟು ಅಂತ ಕೇಳಬೇಕು ಅಂತಿಟ್ಟುಕೊಳ್ಳಿ. ಅಂಗಡಿಯವರಿಗೆ ಹೇಳುತ್ತೀರಿ. ಅವರು ತಮ್ಮ ಫೋನಿನಿಂದ ಮಾಡಿ ಕೇಳುತ್ತಾರೆ, 'ಇವರು ಕೇಳಿದ್ದು ಇದು' ಅಂತ ಚೀಟಿಯಲ್ಲಿ ಬರೆದಿಡುತ್ತಾರೆ. ಮಂಡಿಯವರು ವಾಪಸು ಫೋನ್ ಮಾಡಿದಾಗ ಚೀಟಿ ನೋಡಿ ನಿಮ್ಮನ್ನು ಕರೆಯುತ್ತಾರೆ. ಮಂಡಿಯವರಿಗೆ ಗೊತ್ತಿರುವುದು ಅಂಗಡಿಯ ನಂಬರು ಮಾತ್ರ. ನೀವು ಯಾರು, ನಿಮ್ಮ ಮನೆ ಗುಡ್ಡೆಯ ಮೇಲೋ ಕೆಳಗೋ, ಅವರಿಗೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ.

ನ್ಯಾಟ್ ಅಂದರೆ ಇದೇ. ವರ್ಚುವಲ್‌ಬಾಕ್ಸಿನಲ್ಲಿ ಹೊಸ ಮೆಶೀನ್ ಮಾಡಿದಾಗ ತಾನಾಗಿ ಬರುವ ಏರ್ಪಾಡೂ ಇದೇ. ನೆಂಟನಿಗೆ 10.0.2.15 ಅನ್ನುವ ನಂಬರು ಸಿಗುತ್ತದೆ. ಅವನ ಅಂಗಡಿ, ಅಂದರೆ ಹೊರಗೆ ಹೋಗುವ ದಾರಿ, 10.0.2.2. ಈ ದಾರಿಗೆ ಗೇಟ್‌ವೇ ಅಂತ ಹೆಸರು. ಅಂಗಡಿಯವನ ಕೆಲಸ ಮಾಡುವುದು ವರ್ಚುವಲ್‌ಬಾಕ್ಸೇ. ಚೀಟಿಯ ಜಾಗದಲ್ಲಿ ಪೋರ್ಟ್ ನಂಬರು ಅನ್ನುವುದೊಂದಿದೆ, 65,535ರ ತನಕ ಹೋಗುತ್ತದೆ, ಒಂದೊಂದು ಸಂಭಾಷಣೆಗೆ ಒಂದೊಂದು.

ವಿಂಡೋಸಿನ ಕಣ್ಣಿಗೆ ಇದು ಹೇಗೆ ಕಾಣುತ್ತದೆ ಗೊತ್ತಾ? ಒಳಗೆ ಇನ್ನೊಂದು ಕಂಪ್ಯೂಟರು ಇದೆ ಅಂತ ಕಾಣುವುದೇ ಇಲ್ಲ. ಕ್ರೋಮ್ ನೆಟ್ ಬಳಸಿದ ಹಾಗೆ ವರ್ಚುವಲ್‌ಬಾಕ್ಸ್ ಅನ್ನುವ ಆಪು ನೆಟ್ ಬಳಸುತ್ತಿದೆ, ಅಷ್ಟೆ. ಹಾಗಾಗಿ ವಿಂಡೋಸಿಗೆ ಯಾವ ದಾರಿಯಿಂದ ನೆಟ್ ಬಂದರೂ ನೆಂಟನಿಗೂ ಅದೇ ದಾರಿ. ಈಗ ವೈಫೈ, ಕರೆಂಟು ಹೋದ ಮೇಲೆ ಫೋನಿನ ಹಾಟ್‌ಸ್ಪಾಟು, ನಾಳೆ ಯುಎಸ್‌ಬಿ ವೈರಿನಲ್ಲಿ ಟೆದರಿಂಗು, ಏನೇ ಆದರೂ ಒಳಗೆ ಏನನ್ನೂ ಮುಟ್ಟಬೇಕಾಗಿಲ್ಲ. ನಮ್ಮಂಥ ಕಡೆ ಇದರ ಬೆಲೆ ದೊಡ್ಡದು.

ಒಂದು ತಮಾಷೆ ಹೇಳುತ್ತೇನೆ. ನಿಮ್ಮ ರೂಟರೂ ಮಾಡುವುದು ಇದೇ ಪಿ.ಪಿ. ಕೆಲಸ, ಮನೆಯ ಎಲ್ಲ ಯಂತ್ರಗಳ ಪರವಾಗಿ. ಫೋನಿನ ನೆಟ್ಟಾದರೆ ಎಷ್ಟೋ ಸಲ ಮೊಬೈಲ್ ಕಂಪನಿಯೂ ತನ್ನ ಗ್ರಾಹಕರನ್ನೆಲ್ಲ ಒಟ್ಟಿಗೆ ಹಿಡಿದು ಇನ್ನೊಂದು ಸುತ್ತು ಇದನ್ನೇ ಮಾಡುತ್ತದೆ. ಅದಕ್ಕೆಂದೇ 100.64ರಿಂದ ಶುರುವಾಗುವ ಒಂದು ಗುಂಪು ನಂಬರುಗಳನ್ನು 2012ರಲ್ಲಿ ಬೇರೆ ಇಟ್ಟಿದ್ದಾರೆ. ಅಂದರೆ ನೆಂಟನ ಒಂದು ಮಾತು ಜಗತ್ತಿಗೆ ತಲುಪುವ ಮೊದಲು ಮೂರು ಅಂಗಡಿ ದಾಟಿರಬಹುದು. ಆದರೂ ಪುಟ ತೆರೆಯಲು ಒಂದು ಸೆಕೆಂಡು ಸಾಕಾಗುತ್ತದೆ, ಅಲ್ವಾ?

ಪಿ.ಪಿ. ಪದ್ಧತಿಗೆ ಇದ್ದ ಕೊರತೆ ನ್ಯಾಟ್‌ಗೂ ಇದೆ. ನೀವು ಕೇಳದೆ ಇದ್ದಾಗ ಹೊರಗಿನಿಂದ ಯಾರಾದರೂ ಫೋನ್ ಮಾಡಿದರೆ, ಅಂಗಡಿಯವನ ಹತ್ತಿರ ಚೀಟಿ ಇರುವುದಿಲ್ಲ. ಯಾರನ್ನು ಕರೆಯಬೇಕು ಅಂತ ಗೊತ್ತಾಗದೆ ಇಟ್ಟುಬಿಡುತ್ತಾನೆ. ಹಾಗಾಗಿ ನೆಂಟ ಹೊರಗೆ ಹೋಗಬಹುದು, ಹೊರಗಿನವರು ನೇರ ನೆಂಟನ ಹತ್ತಿರ ಬರಲಾರರು. ಸುಮ್ಮನೆ ಬ್ರೌಸ್ ಮಾಡುವವರಿಗೆ ಇದರಿಂದ ನಷ್ಟವಿಲ್ಲ, ಒಂದು ಲೆಕ್ಕದಲ್ಲಿ ಕಾವಲೇ. ಬರಲೇಬೇಕು ಅಂತಿದ್ದರೆ ಅಂಗಡಿಯವನಿಗೆ ಮೊದಲೇ ಹೇಳಿಡಬಹುದು: '2222ನೇ ಪೋರ್ಟಿಗೆ ಕರೆ ಬಂದರೆ ನೆಂಟನ 22ನೇ ಪೋರ್ಟಿಗೆ ಕೊಡು' ಅಂತ. ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಅನ್ನುತ್ತಾರೆ.

ಮತ್ತೊಂದು. ಎರಡು ವರ್ಚುವಲ್ ಮೆಶೀನ್ ಹಾಕಿದರೆ ಎರಡಕ್ಕೂ 10.0.2.15 ಅಂತಲೇ ತೋರಿಸುತ್ತದೆ. ಜಗಳ ಆಗುವುದಿಲ್ಲ, ಇಬ್ಬರಿಗೂ ಬೇರೆ ಬೇರೆ ಅಂಗಡಿ. ಒಬ್ಬರಿಗೊಬ್ಬರು ಮಾತಾಡಲು ಮಾತ್ರ ಆಗುವುದಿಲ್ಲ.

ಬ್ರಿಜ್: ಸ್ವಂತ ಕನೆಕ್ಷನ್

ಎರಡನೆಯ ದಾರಿ ಬ್ರಿಜ್. ಇಲ್ಲಿ ಅಂಗಡಿಯೇ ಇಲ್ಲ. ನೆಂಟ ನೇರ ರೂಟರಿನ ಹತ್ತಿರ ಹೋಗಿ ತನಗೊಂದು ನಂಬರು ಕೇಳುತ್ತಾನೆ. ಲ್ಯಾಪ್‌ಟಾಪಿಗೆ 192.168.1.5 ಇದ್ದರೆ ಅವನಿಗೆ 192.168.1.8 ಸಿಗಬಹುದು. ಮನೆಯ ಉಳಿದ ಯಂತ್ರಗಳಿಗೆ ಅವನೂ ತಮ್ಮ ಹಾಗೆ ಇನ್ನೊಬ್ಬ. ಪ್ರಿಂಟರು, ಇನ್ನೊಂದು ಕಂಪ್ಯೂಟರು ಎಲ್ಲ ನೇರ ಅವನ ಹತ್ತಿರ ಮಾತಾಡಬಹುದು. ಒಳಗೆ ಒಂದು ಸಣ್ಣ ಸರ್ವರ್ ಇಟ್ಟು ಮನೆಮಂದಿಗೆಲ್ಲ ತೋರಿಸಬೇಕು ಅನ್ನುವವರಿಗೆ ಇದೇ ಒಳ್ಳೆಯದು.

ಆದರೆ ಬ್ರಿಜ್ ಅಂದರೆ ಸಂಕ, ಸಂಕಕ್ಕೆ ಎರಡೂ ದಡ ಬೇಕು. ಬ್ರಿಜ್ ಆರಿಸಿದಾಗ ಕೆಳಗೆ ಇನ್ನೊಂದು ಸಾಲು ಬರುತ್ತದೆ: ಯಾವ ಕಾರ್ಡಿಗೆ ಕಟ್ಟಲಿ, ಕೇಬಲಿನದ್ದೋ ವೈಫೈಯದ್ದೋ? ಒಮ್ಮೆ ಕಟ್ಟಿದ ಮೇಲೆ ಅದು ಅಲ್ಲೇ. ನನ್ನ ಎಡವಟ್ಟು ಇಲ್ಲೇ ಆದದ್ದು. ನಾನು ನನ್ನ ಮನೆಯಲ್ಲಿ ಆ ಲ್ಯಾಪ್‌ಟಾಪನ್ನು ರೂಟರಿಗೆ ಕೇಬಲಿನಲ್ಲಿ ಚುಚ್ಚಿ ಲಿನಕ್ಸ್ ಹಾಕಿದ್ದೆ. ಪ್ರಿಂಟರ್ ಸಿಗುತ್ತದಾ ನೋಡೋಣ ಅಂತ ನ್ಯಾಟ್ ತೆಗೆದು ಬ್ರಿಜ್ ಮಾಡಿದೆ, ಕೇಬಲ್ ಕಾರ್ಡಿಗೆ ಕಟ್ಟಿದೆ, ಆಮೇಲೆ ಮರೆತೆ. ಅಕ್ಕನ ಮನೆಯಲ್ಲಿ ಕೇಬಲೂ ಇಲ್ಲ, ರೂಟರೂ ಇಲ್ಲ, ಅಕ್ಕನ ಫೋನಿನ ಹಾಟ್‌ಸ್ಪಾಟೇ ಗತಿ. ವಿಂಡೋಸು ಹಾಟ್‌ಸ್ಪಾಟಿಗೆ ಸೇರಿಕೊಂಡು ಆರಾಮವಾಗಿತ್ತು. ಪಾಪ ನೆಂಟ, ಯಾರೂ ಇಲ್ಲದ ಕೇಬಲ್ ತೂತಿನ ಹತ್ತಿರ ನಿಂತು 'ನಂಬರು ಕೊಡಿ, ನಂಬರು ಕೊಡಿ' ಅಂತ ಕೂಗುತ್ತಿದ್ದ.

ಹಾಗಾದರೆ ವೈಫೈ ಕಾರ್ಡಿಗೆ ಕಟ್ಟಿದ್ದರೆ ಸರಿಯಾಗುತ್ತಿತ್ತಾ? ಆಗಬಹುದು, ಆಗದೆಯೂ ಇರಬಹುದು. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಮ್ಯಾಕ್ ವಿಳಾಸ ಅನ್ನುವ ಗುರುತು ಇರುತ್ತದೆ. ವರ್ಚುವಲ್‌ಬಾಕ್ಸ್ ಕೊಡುವ ಕಾರ್ಡುಗಳದ್ದು 08:00:27 ಅಂತ ಶುರುವಾಗುತ್ತದೆ. ಕೇಬಲಿನಲ್ಲಿ ಒಂದೇ ತೂತಿನಿಂದ ಎರಡು ಗುರುತು ಬಂದರೂ ನಡೆಯುತ್ತದೆ. ವೈಫೈ ಹಾಗಲ್ಲ, ಪಾಸ್‌ವರ್ಡ್ ಕೊಟ್ಟು ಒಳಗೆ ಬಂದ ಗುರುತಿಗೆ ಮಾತ್ರ ಅಲ್ಲಿ ಜಾಗ. ಅದಕ್ಕೆ ವರ್ಚುವಲ್‌ಬಾಕ್ಸು ನೆಂಟನ ಗುರುತನ್ನು ಮರೆಮಾಡಿ ಮನೆಯವನ ಗುರುತನ್ನೇ ಹಾಕಿ ಕಳಿಸುತ್ತದೆ. ಕೆಲವು ರೂಟರು ಇದನ್ನು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಕಾಲೇಜು, ಆಫೀಸುಗಳಲ್ಲಿ ಗೊತ್ತಿಲ್ಲದ ಯಂತ್ರಗಳಿಗೆ ತಡೆ ಇದ್ದರೆ ಅಲ್ಲೂ ಬ್ರಿಜ್ ಸೋಲುತ್ತದೆ, ನ್ಯಾಟ್ ನಡೆಯುತ್ತದೆ. ಇನ್ನೊಂದು ಮೆಶೀನನ್ನು ಕಾಪಿ ಹೊಡೆದು ಮಾಡಿದ್ದರೆ ಎರಡಕ್ಕೂ ಒಂದೇ ಮ್ಯಾಕ್ ಉಳಿದು ಬ್ರಿಜ್‌ನಲ್ಲಿ ಗಲಾಟೆ ಆಗುವುದೂ ಉಂಟು. ಕಾಪಿ ಮಾಡುವಾಗಲೇ ಹೊಸ ಮ್ಯಾಕ್ ಕೊಡು ಅಂತ ಆರಿಸಬೇಕು.

ನನ್ನನ್ನು ಕೇಳಿದರೆ, ಬೇರೆ ಕಾರಣ ಇಲ್ಲದಿದ್ದರೆ ನ್ಯಾಟ್‌ನಲ್ಲೇ ಬಿಡಿ.

ಉಳಿದ ದಾರಿಗಳು

'ಹೋಸ್ಟ್ ಓನ್ಲಿ' ಅಂದರೆ ಅಂಗಳದಲ್ಲಿ ನಿಂತು ಮನೆಯವನೂ ನೆಂಟನೂ ಮಾತಾಡಿಕೊಳ್ಳುವುದು, ನೆಟ್ ಇಲ್ಲ. ಅಲ್ಲಿ ನಂಬರುಗಳು ಸಾಮಾನ್ಯವಾಗಿ 192.168.56ರಿಂದ ಶುರು. 'ಇಂಟರ್ನಲ್' ಅಂದರೆ ನೆಂಟರು ನೆಂಟರೇ ಮಾತಾಡಿಕೊಳ್ಳುವುದು, ಮನೆಯವನಿಗೂ ಕೇಳಿಸುವುದಿಲ್ಲ. 'ನ್ಯಾಟ್ ನೆಟ್‌ವರ್ಕ್' ಅಂದರೆ ಹಲವು ನೆಂಟರಿಗೆ ಒಂದೇ ಅಂಗಡಿ, ಪರಸ್ಪರ ಮಾತೂ ಆಗುತ್ತದೆ, ನೆಟ್ಟೂ ಸಿಗುತ್ತದೆ. ಮನೆಯಲ್ಲಿ ಅಭ್ಯಾಸ ಮಾಡುವ ಮಕ್ಕಳಿಗೆ ಇವು ಯಾವುವೂ ಬೇಕಾಗುವುದಿಲ್ಲ.

ನೆಟ್ ಬಾರದಿದ್ದರೆ ಎಲ್ಲಿಂದ ಹುಡುಕುವುದು

ಅವತ್ತು ಫೋನಿನಲ್ಲೇ ಅವನಿಗೆ ಒಂದೊಂದಾಗಿ ಹೇಳಿದೆ. ನಮ್ಮ ಕಡೆ ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗದಲ್ಲಿ ನೀರು ಕಡಿಮೆಯಾದರೆ ನಾವು ಟ್ಯಾಂಕಿನಿಂದ ಶುರುಮಾಡಿ ಪೈಪು ಹಿಡಿದುಕೊಂಡು ಮೇಲೆ ಹೋಗುತ್ತೇವಲ್ಲ, ಹಾಗೆ ಹತ್ತಿರದಿಂದ ದೂರಕ್ಕೆ.

ಮೊದಲು ಮೆಶೀನಿನ ಸೆಟ್ಟಿಂಗ್ಸ್, ಅದರಲ್ಲಿ ನೆಟ್‌ವರ್ಕ್, ಅಡಾಪ್ಟರ್ 1. ಅದು ಎನೇಬಲ್ ಆಗಿರಬೇಕು. 'ಅಟ್ಯಾಚ್ಡ್ ಟು' ಅನ್ನುವಲ್ಲಿ ನ್ಯಾಟ್ ಇರಬೇಕು. ಸ್ವಲ್ಪ ಒಳಗೆ 'ಕೇಬಲ್ ಕನೆಕ್ಟೆಡ್' ಅಂತ ಒಂದು ಚೌಕ ಇದೆ, ಅದಕ್ಕೆ ಟಿಕ್ ಇರಬೇಕು. ಇಲ್ಲದ ಕೇಬಲನ್ನು ಕಿತ್ತಿಡುವ ಸೌಕರ್ಯವನ್ನೂ ಕೊಟ್ಟಿದ್ದಾರೆ ನೋಡಿ! ನ್ಯಾಟ್, ಬ್ರಿಜ್ ಬದಲಿಸಲು ಮೆಶೀನ್ ಆಫ್ ಮಾಡಬೇಕಾಗಿಲ್ಲ, ಓಡುತ್ತಿರುವಾಗಲೇ ಆಗುತ್ತದೆ. ಬದಲಿಸಿದ ಮೇಲೆ ಲಿನಕ್ಸಿನೊಳಗೆ ವೈರ್ಡ್ ಅನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು. ಆಗಲೇ ಅದು ಹೊಸ ನಂಬರು ಕೇಳುವುದು.

ಆಮೇಲೆ ಟರ್ಮಿನಲ್, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿ ತೆರೆದು 'ಐಪಿ ಎ' ಅಂತ ಹೊಡೆಯುವುದು, ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ನಡುವೆ ಒಂದು ಜಾಗ ಬಿಟ್ಟು. 127.0.0.1 ಅಂತ ಕಾಣುವುದನ್ನು ಬಿಟ್ಟುಬಿಡಿ, ಅದು ತನ್ನನ್ನು ತಾನೇ ಕರೆಯುವ ನಂಬರು. ಕೆಳಗೆ 10.0.2.15 ಕಂಡರೆ ಅಂಗಡಿಯ ತನಕ ದಾರಿ ಸರಿ ಇದೆ. ನಂಬರೇ ಇಲ್ಲದಿದ್ದರೆ, ಅಥವಾ 169.254ರಿಂದ ಶುರುವಾದರೆ, ಕೇಳಿದಾಗ ಯಾರೂ ನಂಬರು ಕೊಟ್ಟಿಲ್ಲ ಅಂತ ಅರ್ಥ. ಯಾರೋ ಮಾಡಿಟ್ಟ ಮೆಶೀನನ್ನು ತಂದು ಹಾಕಿದ್ದರೆ ಒಳಗೆ ಅವರ ಕಡೆಯ ನಂಬರನ್ನು ಕೈಯಿಂದ ಬರೆದಿಟ್ಟಿರಲೂಬಹುದು. ಅದನ್ನು ಅಳಿಸಿ 'ಆಟೋಮ್ಯಾಟಿಕ್' ಮಾಡಿ.

ಮೂರನೆಯದು ಪಿಂಗ್, ಅಂದರೆ 'ಓಯ್' ಅಂತ ಕೂಗಿ 'ಓ' ಅನ್ನುತ್ತಾರಾ ನೋಡುವುದು. ಮೊದಲು 10.0.2.2ಕ್ಕೆ, ಆಮೇಲೆ ಗೂಗಲಿನ 8.8.8.8ಕ್ಕೆ. ಲಿನಕ್ಸಿನ ಪಿಂಗ್ ತಾನಾಗಿ ನಿಲ್ಲುವುದಿಲ್ಲ, ಕಂಟ್ರೋಲ್ ಒತ್ತಿ ಸಿ ಹೊಡೆಯಬೇಕು. ಕೆಲವು ಕಡೆ ಪಿಂಗನ್ನೇ ತಡೆದಿರುತ್ತಾರೆ, ಹಾಗಾಗಿ ಬ್ರೌಸರ್ ತೆರೆದೂ ನೋಡಿ.

ಬೋರ್ಡ್ ಓದಲಾಗದ ಬಸ್ಸು

8.8.8.8 ಓಗೊಡುತ್ತದೆ, ಆದರೂ ಒಂದೂ ವೆಬ್‌ಸೈಟ್ ತೆರೆಯುವುದಿಲ್ಲ. ಹೀಗಾದರೆ ತಪ್ಪು ಹೆಚ್ಚಾಗಿ ಡಿಎನ್‌ಎಸ್‌ನಲ್ಲಿ. ನಾವು ಹೆಸರು ಹೇಳುತ್ತೇವೆ, ಯಂತ್ರಕ್ಕೆ ನಂಬರು ಬೇಕು, ಹೆಸರಿಗೆ ನಂಬರು ಹುಡುಕಿಕೊಡುವ ಕೆಲಸ ಡಿಎನ್‌ಎಸ್‌ನದ್ದು. ಮಲೆಯಾಳ ಓದಲು ಬಾರದ ನಮ್ಮ ಅಜ್ಜಿಯಂದಿರು ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹಾಗೆ. ರಸ್ತೆ ಇದೆ, ಬಸ್ಸೂ ಎದುರೇ ಇದೆ, ಬೋರ್ಡ್ ಓದಿ ಹೇಳುವವರು ಇಲ್ಲದಿದ್ದರೆ ಬದಿಯಡ್ಕದ್ದು ಯಾವುದು ಅಂತ ಗೊತ್ತಾಗುವುದಿಲ್ಲ.

ವೈಫೈಯಿಂದ ಹಾಟ್‌ಸ್ಪಾಟಿಗೆ ಹಾರಿದಾಗ ನೆಂಟನ ಕಿಸೆಯಲ್ಲಿ ಹಳೆಯ ಡಿಎನ್‌ಎಸ್ ನಂಬರು ಉಳಿದುಬಿಡುವುದುಂಟು. ವೈರ್ಡ್ ಆಫ್ ಮಾಡಿ ಆನ್ ಮಾಡಿದರೆ ಹೆಚ್ಚಾಗಿ ಸರಿಯಾಗುತ್ತದೆ. ಆಗದಿದ್ದರೆ ವೈರ್ಡ್ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಜಾಗದಲ್ಲಿ 8.8.8.8 ಅಥವಾ 1.1.1.1 ಅಂತ ಕೈಯಿಂದ ಬರೆಯಿರಿ.

ಹೆಸರೂ ಸಿಗುತ್ತದೆ, ಆದರೆ ಕೆಲವು ಸೈಟುಗಳಲ್ಲಿ 'ಸುರಕ್ಷಿತವಲ್ಲ' ಅಂತ ಎಚ್ಚರಿಕೆ ಬರುತ್ತದೆ ಅಂತಾದರೆ ನೆಂಟನ ಗಡಿಯಾರ ನೋಡಿ. ಮೆಶೀನನ್ನು ಆಫ್ ಮಾಡದೆ ಹಾಗೇ 'ಸೇವ್' ಮಾಡಿ ಮುಚ್ಚಿದ್ದರೆ, ವಾರ ಬಿಟ್ಟು ತೆರೆದಾಗ ಅದು ಹೋದ ವಾರದಲ್ಲೇ ಕೂತಿರಬಹುದು. ಸೈಟುಗಳ ಗುರುತುಪತ್ರಕ್ಕೆ ಇಂಥ ದಿನದಿಂದ ಇಂಥ ದಿನದ ತನಕ ಅಂತ ಅವಧಿ ಇರುವುದರಿಂದ, ಹಿಂದೆ ಬಿದ್ದ ಗಡಿಯಾರದವನಿಗೆ ಹೊಸ ಪತ್ರ ಸುಳ್ಳಾಗಿ ಕಾಣುತ್ತದೆ.

ಅಕ್ಕನ ಫೋನು

ಬ್ರಿಜ್ ತೆಗೆದು ನ್ಯಾಟ್ ಮಾಡಿಸಿದೆ. ವೈರ್ಡ್ ಆಫ್, ಆನ್. 10.0.2.15 ಬಂತು, ಪಿಂಗ್ ಓಗೊಟ್ಟಿತು, ಫೈರ್‌ಫಾಕ್ಸ್ ತೆರೆಯಿತು. ಹತ್ತು ನಿಮಿಷದ ಕೆಲಸ. ಇಬ್ಬರೂ ಖುಷಿಯಲ್ಲಿ ಮಲಗಿದೆವು.

ಮರುದಿನ ಬೆಳಗ್ಗೆ ಅಕ್ಕನ ಫೋನು. "ನೀನು ಎಂತ ಮಾಡಿದ್ದು? ನನ್ನ ಇವತ್ತಿನ ಡೇಟಾ ಪೂರಾ ಖಾಲಿ!"

ಕಾರಣ ಆ ಕೇಬಲ್ಲೇ. ಹಾಟ್‌ಸ್ಪಾಟಿನಲ್ಲಿರುವುದು ವಿಂಡೋಸಿಗೆ ಮಾತ್ರ ಗೊತ್ತು. ನೆಂಟನಿಗೆ ಕಾಣುವುದು ವೈರು, ವೈರು ಅಂದರೆ ಎಷ್ಟು ಬೇಕಾದರೂ ಎಳೆಯಬಹುದು ಅನ್ನುವುದು ಅವನ ಲೆಕ್ಕ. ಹುಡುಗ ಲ್ಯಾಪ್‌ಟಾಪ್ ಮುಚ್ಚದೆ ಮಲಗಿದ್ದ. ಉಬುಂಟು ಮೂರು ತಿಂಗಳಿನಿಂದ ಬಾಕಿ ಇದ್ದ ಅಪ್‌ಡೇಟುಗಳನ್ನೆಲ್ಲ ರಾತ್ರಿಯಿಡೀ ಇಳಿಸಿಕೊಂಡಿತ್ತು. ಇದಕ್ಕೆ ಎರಡು ಕಡೆ ಕೈ ಹಾಕಬೇಕು. ಲಿನಕ್ಸಿನ ವೈರ್ಡ್ ಸೆಟ್ಟಿಂಗಿನಲ್ಲಿ 'ಮೀಟರ್ಡ್ ಕನೆಕ್ಷನ್' ಅಂತ ಒಂದು ಚೌಕ ಇದೆ, ಅದಕ್ಕೆ ಟಿಕ್ ಹಾಕಿ. ಆಮೇಲೆ 'ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್' ತೆರೆದು ಅಪ್‌ಡೇಟುಗಳನ್ನು ತಾನಾಗಿ ಇಳಿಸುವುದನ್ನು ನಿಲ್ಲಿಸಿ, ಬಂದಿದೆ ಅಂತ ತಿಳಿಸಿದರೆ ಸಾಕು ಅನ್ನುವುದನ್ನು ಆರಿಸಿ. ಅಪ್‌ಡೇಟನ್ನು ಈಗ ಅವನು ನಮ್ಮ ಮನೆಗೆ ಬಂದಾಗ ಮಾಡಿಕೊಂಡು ಹೋಗುತ್ತಾನೆ.